ಉಸಿರಿನ ಬಿಡುವಿನಲ್ಲಿ ಊದಿದವನು

ಸಕಲ ಸ್ವರಗಳಿಗೂ ಮೂಲನಾದ ಕರ್ತನಿಗೆ ಸ್ತೋತ್ರ.

ಕಾನ್ಸಾಸ್ ಸಿಟಿ,
ಕರ್ತನ ಕೃಪೆಯ 1987ನೆಯ ವರ್ಷ, ಅಕ್ಟೋಬರ್ ಹದಿನೆಂಟು, ಭಾನುವಾರ

ನನ್ನ ತಮ್ಮನ ಏಕಮಾತ್ರ ಪುತ್ರಿಯಾದ ಚಿರಂಜೀವಿ ವರ್ಲೀನಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊಣಕಾಲು ಮುರಿದುಕೊಂಡು ಶಿಕಾಗೋದಲ್ಲಿ ಮಲಗಿರುವ ನೀನು, ಮೂವತ್ತಾರು ವರ್ಷಗಳ ಮೌನವನ್ನು ಬಿಟ್ಟು ಬರೆದದ್ದು ಒಂದೇ ವಾಕ್ಯ: ನಿನ್ನ ತಂದೆಯ ಹೆಸರಿಟ್ಟ ರಂಗಮಂದಿರದಲ್ಲಿ ಮನೆಯವರ ಪರವಾಗಿ ಪ್ರಾರ್ಥನೆ ಸಲ್ಲಿಸಬಲ್ಲೆನೇ ಎಂದು. ನಿನ್ನೆ ಸಲ್ಲಿಸಿದೆನು. ಹೇಗೆಂಬುದನ್ನು ಓದಿ, ನಾನಿನ್ನು ನಿನಗೆ ದೊಡ್ಡಪ್ಪನಾಗಿರಬಹುದೇ ಎಂಬುದನ್ನು ನೀನೇ ತೀರ್ಮಾನಿಸು.

ನಮ್ಮ ತಾಯಿಯ ಶವಸಂಸ್ಕಾರದ ದಿನ ನಿನ್ನ ತಂದೆ ಲೂಷಿಯಸನು ತನ್ನ ಜಾಝ್ ತಂಡದ ಹನ್ನೊಂದು ಮಂದಿಯೊಡನೆ ಡೆಟ್ರಾಯಿಟ್‌ನಿಂದ ಬಂದನು. ಸಭಾಪಾಲಕನಾಗಿದ್ದ ನಾನು ಬಾಗಿಲಲ್ಲೇ ತಡೆದು, ಕುಡುಕರ ಕುಣಿತಕ್ಕೆ ಊದಿದ ತುತ್ತೂರಿ ಈ ಆಲಯದೊಳಗೆ ಬಾರದು ಎಂದೆನು. ಅವನು ಟೋಪಿ ತೆಗೆದು ಹಿಂದೆ ಸರಿದನು. ಅವನ ಕೈ ಹಿಡಿದಿದ್ದ ಒಂಬತ್ತರ ಬಾಲೆ ನೀನು, ಎಲ್ಲವನ್ನೂ ನೋಡಿದೆ. ನಾನು ಒಳಗೆ ಕೀರ್ತನೆ ಎತ್ತಿದೆನು. ಒಂದೊಂದು ಸಾಲು ಮುಗಿದೊಡನೆ ಬೀದಿಯಿಂದ ತುತ್ತೂರಿಗಳ ದನಿ ಬಂದಿತು. ಅಣಕವೆಂದೇ ಬಗೆದು ಸಭೆಯನ್ನು ಇನ್ನಷ್ಟು ಗಟ್ಟಿಯಾಗಿ ಹಾಡಿಸಿದೆನು. ಆ ಕೋಪಕ್ಕೆ ಧರ್ಮವೆಂದು ಹೆಸರಿಟ್ಟು, ಅವನು ತೀರಿಕೊಂಡ ಮೇಲೂ ಸಾಕಿಕೊಂಡೆನು.

ಬಾಲ್ಯದಲ್ಲಿ ಕರಿಯರೆಂಬ ಕಾರಣಕ್ಕೆ ನಾವಿಬ್ಬರೂ ಪಕ್ಕದ ಕಿರುಮೆಟ್ಟಿಲೇರಿ ಅಟ್ಟದಲ್ಲಿ ಮಾತ್ರ ಕೂರಬಹುದಾಗಿದ್ದ ರಂಗಮಂದಿರವದು. ಹೋಟೆಲಿನಲ್ಲಿ ಪಾತ್ರೆ ಬೆಳಗಿ ತುತ್ತೂರಿ ಕೊಂಡವನ ಹೆಸರು ಇಂದು ಅದರ ಮುಂಬಾಗಿಲ ಮೇಲೆ ನನ್ನೆತ್ತರದ ಅಕ್ಷರಗಳಲ್ಲಿದೆ. ನಿನ್ನೆ ಆ ಮುಂಬಾಗಿಲಿನಿಂದಲೇ ಒಳಹೊಕ್ಕೆನು.

ತೆರೆಯ ಹಿಂದೆ, ಅವನ ತಂಡದಲ್ಲಿ ಟ್ರಾಂಬೋನ್ ಊದುತ್ತಿದ್ದ ಆಂಬ್ರೋಸ್ ಪೆಟಿಗ್ರೂ ಸಿಹಿಗೆಣಸಿನ ಕಡುಬು ತಿನ್ನುತ್ತ ನನ್ನ ಪಕ್ಕ ಕುಳಿತನು.

"ಏನ್ ರೆವರೆಂಡ್ರೇ, ಅವತ್ತು ಎಂಥಾ ಗಂಟಲು ನಿಮ್ದು! ಪೆಟ್ಟಿಗೇಲಿದ್ದ ನಿಮ್ಮಮ್ಮ ಎದ್ದು ಕೂತು, ಸ್ವಲ್ಪ ಮೆಲ್ಲಗೆ ಕಣೋ ಅಂತಿದ್ರೇನೋ" ಎಂದು ನಕ್ಕನು.

ತಾಯಿಯ ಶವದ ಮುಂದೆ ನನ್ನನ್ನು ಅಣಕಿಸಲು ಅಷ್ಟು ದೂರ ಬರಬೇಕಿತ್ತೇ ಎಂದು ಕೇಳಿದೆನು. ಅವನ ನಗೆ ನಿಂತಿತು.

"ಅಣಕ್ಸೋಕಾ? ಬೀದೀಲಿ ನಿಂತ್ಕೊಂಡು ನಿಮ್ ತಮ್ಮ ನಮಗೆ ಹೇಳಿದ್ದು ಇಷ್ಟೇ: 'ಒಳಗೆ ನಮ್ಮಣ್ಣ ಹಾಡ್ತಿದಾನೆ. ಅವನು ಹಾಡೋವಾಗ ಯಾರೂ ಊದ್ಬೇಡಿ. ಉಸಿರು ತಗೊಳ್ಳೋವಾಗ ಊದಿ. ಅಮ್ಮನ ಹಾಡು ಎಲ್ಲೂ ತುಂಡಾಗ್ಬಾರ್ದು.'"

ಅಂದು ನಾನು ಸೋಲಿಸಲು ಹಾಡಿದೆನು, ವರ್ಲೀನ್. ಅವನು ಬಿಸಿಲಲ್ಲಿ ನಿಂತು ನನ್ನ ಉಸಿರನ್ನು ಕಾದನು.

ವೇದಿಕೆಯಲ್ಲಿ, ಬರೆದು ತಂದಿದ್ದ ಪ್ರಾರ್ಥನೆಯನ್ನು ನಾನು ಓದಲಿಲ್ಲ. ಅವನನ್ನು ಬಾಗಿಲಲ್ಲಿ ತಡೆದವನು ನಾನೇ ಎಂದು ಎಂಟುನೂರು ಜನರ ಮುಂದೆ ಹೇಳತೊಡಗಿ ತಡವರಿಸಿದೆನು. ಮುಂದಿನ ಸಾಲಿನ ಮುದುಕಿಯೊಬ್ಬಳು, "ಹೇಳಪ್ಪಾ, ನಿಧಾನಕ್ಕೆ ಹೇಳು, ನಾವಿದೀವಿ" ಎಂದಳು. ಹೇಳಿ ಮುಗಿಸಿ, ಅಂಥ ತಮ್ಮನನ್ನು ಕೊಟ್ಟ ಕರ್ತನಿಗೆ ಸ್ತೋತ್ರ ಸಲ್ಲಿಸಿ ಕುಳಿತೆನು.

ನೀನು ಕರೆದರೆ ಬರುವೆನು. ಕರೆಯದಿದ್ದರೂ ನಿನ್ನ ಆ ಒಂದು ವಾಕ್ಯಕ್ಕೆ ಬದುಕಿರುವ ತನಕ ಋಣಿ.

ಇಂತು,
ಎಜೀಕಿಯಲ್ ಟಾಲಿವರ್

ಮರೆತ ಮಾತು: ಮರೆತದ್ದಲ್ಲ, ಅಳುಕಿದ್ದು. ಓದದೆ ಉಳಿಸಿದ ಪ್ರಾರ್ಥನೆಯಲ್ಲಿ, ಲೂಷಿಯಸನ ಪಾಪಗಳನ್ನು ಕ್ಷಮಿಸು ಎಂದು ಬರೆದಿದ್ದೆನು. ಆ ಹಾಳೆ ಇದರೊಡನಿದೆ. ಅದನ್ನು ಹರಿದುಹಾಕುವ ಹಕ್ಕು ನಿನ್ನದು. ಹಾಡಿದವರಿಗೂ ಊದಿದವರಿಗೂ, ಹೊರಗೆ ನಿಂತವರಿಗೂ, ಒಳಗಿದ್ದೂ ಕೇಳಿಸಿಕೊಳ್ಳದವರಿಗೂ, ನಿನಗೂ ನಿನ್ನ ಮಕ್ಕಳಿಗೂ ಕರ್ತನು ಸಮಾಧಾನವನ್ನು ಅನುಗ್ರಹಿಸಲಿ.