ನಾನು ದೇವರನ್ನು ಬೈದ ದಿನ

ನವೆಂಬರ್ ೯, ಭಾನುವಾರ

ಕಿರುಚಿ ಕಿರುಚಿ ಗಂಟಲು ಕಟ್ಟಿದೆ. ಬಿಸಿನೀರಿಗೂ ಬಗ್ಗುತ್ತಿಲ್ಲ.

ಮಗಳನ್ನು ಮಣ್ಣು ಮಾಡಿದಾಗಿನಿಂದ ನನ್ನವಳು ಪೇಟೆ ಬೀದಿಯ ಟಯರ್ ಅಂಗಡಿ ಮೇಲಿನ ಪ್ರಾರ್ಥನಾ ಸಭೆಗೆ ಹೋಗುತ್ತಾಳೆ. ಮಗುವಿನ ಜ್ವರ ಇಳಿಸದ ದೇವರ ಹತ್ತಿರ ನನಗೇನು ಕೆಲಸ? ಆದರೆ ಇವತ್ತು ಇವಳಿಗೆ ತಲೆಸುತ್ತು. ಜೊತೆಗೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆ.

ಪ್ರಾರ್ಥನೆ ಶುರುವಾದದ್ದೇ ತಡ, ಎಲ್ಲರೂ ಕೈಯೆತ್ತಿ ಒಟ್ಟಿಗೆ ಕೂಗತೊಡಗಿದರು. ಕೆಲವರದು ಯಾವ ಭಾಷೆಯೋ ತಿಳಿಯಲಿಲ್ಲ. ಇವಳು ಮಗಳ ಹೆಸರು ಹೇಳಿ ಹೇಳಿ ಅಳುತ್ತಿದ್ದಳು. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದ ನಾನು ಎದ್ದು ನಿಂತು ಕಿರುಚಿದೆ:

"ಯಾಕೋ ಕಿತ್ಕೊಂಡೆ? ಬಾಯಿ ಬಿಡೋ!"

ಯಾರೂ ತಿರುಗಿ ನೋಡಲಿಲ್ಲ. ಪಾಸ್ಟರ್ ಮಾತ್ರ ಬಂದು ಹೆಗಲ ಮೇಲೆ ಕೈಯಿಟ್ಟರು. ವಾರವೆಲ್ಲ ಬೈಕ್ ರಿಪೇರಿ ಮಾಡುವ ಕೈ, ಗ್ರೀಸ್ ವಾಸನೆ. ಹೊರಗೆ ಕಳಿಸುತ್ತಾರೆ ಅಂದುಕೊಂಡೆ.

"ಕೇಳಿ ಅಣ್ಣ, ಇನ್ನೂ ಜೋರಾಗಿ ಕೇಳಿ. ನನ್ ಹೆಂಡ್ತಿ ಹೋದಾಗ ನಾನೂ ಹಿಂಗೇ ಬೈದೆ."

"ಉತ್ತರ ಬಂತಾ?"

"ಇಲ್ಲ. ಕೇಳೋದು ಬಿಟ್ಟಿಲ್ಲ."

ಅಲ್ಲೇ ಕುಸಿದು ಅತ್ತೆ. ಇವಳು ನನ್ನ ಕೈ ಹಿಡಿದವಳು ಮನೆ ಬಾಗಿಲವರೆಗೂ ಬಿಡಲಿಲ್ಲ.

ಇದಕ್ಕೇ ನಂಬಿಕೆ ಅನ್ನುತ್ತಾರೋ ಏನೋ. ಇಲ್ಲದವನ ಮೇಲೆ ಯಾರಿಗೂ ಇಷ್ಟು ಸಿಟ್ಟು ಬರುವುದಿಲ್ಲ. ಒಳಗೆ ಇವಳು ಮೊಣಕಾಲೂರಿ ಕೂತಿದ್ದಾಳೆ. ನಾನೂ ಹೋಗಿ ಪಕ್ಕದಲ್ಲಿ ಕೂರಬೇಕು. ಏನು ಹೇಳುವುದು ಅಂತ ಮಾತ್ರ...