ಅಕ್ಕನ ಹಿತ್ತಲಿಗೆ ಕೊಟ್ಟ ಸಸಿಗಳು

ಭಾವನವರಿಗೆ,

ಅಕ್ಕ, ಮಗು ಇಬ್ಬರೂ ನನ್ನ ಮನೆಯಲ್ಲಿದ್ದಾರೆ. ಹುಡುಕಾಡಬೇಡಿ.

ಕಳೆದ ಬೇಸಿಗೆಯಲ್ಲಿ ನನ್ನ ನರ್ಸರಿಯ ಬದನೆ ಸಸಿಗಳೆಲ್ಲ ಬೇರು ಕಪ್ಪಾಗಿ ಸತ್ತವು. ಹಳೆಯ ಬ್ಯಾಟರಿ ಕರಗಿಸುವ ನಿಮ್ಮ ಕಾರ್ಖಾನೆಯ ನೀರು ನಾನು ಸಸಿಗಳಿಗೆ ಹಾಯಿಸುವ ಕಾಲುವೆಗೆ ಸೇರುತ್ತಿದೆ ಎಂದು ಹೇಳಲು ಬಂದರೆ, ಗಿರಾಕಿಗಳೆದುರೇ ನಕ್ಕಿರಿ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಕೈಗುಣ ಸರಿಯಿಲ್ಲ ಬಿಡಮ್ಮ" ಎಂದಿರಿ.

ಆಮೇಲೆ ಮಣ್ಣಿಗೆ ಇದ್ದಿಲ ಪುಡಿ, ಸುಣ್ಣ, ಕಳಿತ ಗೊಬ್ಬರ ಬೆರೆಸಿ, ಮಳೆನೀರು ಮಾತ್ರ ಹಾಕಿ ಹೊಸ ಸಸಿಗಳನ್ನು ಉಳಿಸಿಕೊಂಡೆ. ಅವುಗಳಲ್ಲಿ ಗಟ್ಟಿಯಾದ ಇಪ್ಪತ್ತನ್ನು ಆರಿಸಿ ಅಕ್ಕನಿಗೆ ಕೊಟ್ಟೆ. ಕಾರ್ಖಾನೆಗೆ ಅಂಟಿಕೊಂಡ ನಿಮ್ಮ ಹಿತ್ತಲಲ್ಲಿ ನೆಟ್ಟು, ನಿಮ್ಮ ಬಾವಿಯ ನೀರನ್ನೇ ಹಾಕಿದಳು. ಏನಾಗುತ್ತದೆಂದು ನನಗೆ ಗೊತ್ತಿತ್ತು. ಅವಳೇ ಕಣ್ಣಾರೆ ನೋಡಲಿ ಎಂದು ಸುಮ್ಮನಿದ್ದೆ.

ಹನ್ನೆರಡನೇ ದಿನ ಅಕ್ಕ ಸತ್ತ ಸಸಿಗಳನ್ನು ಸೆರಗಿನಲ್ಲಿ ತುಂಬಿಕೊಂಡು ಬಂದಳು. "ಇದೇ ನೀರನ್ನಲ್ಲವೇನೇ ನನ್ನ ಮಗಳು ಕುಡಿಯೋದು?" ಎಂದಳು. ಸೇಡಿನ ಭರದಲ್ಲಿ ನನಗೆ ಮಗುವೇ ನೆನಪಾಗಿರಲಿಲ್ಲ. ಪರೀಕ್ಷೆ ಮಾಡಿಸಿದೆವು, ಬಾವಿಯ ನೀರಲ್ಲೂ ಮಗುವಿನ ರಕ್ತದಲ್ಲೂ ಸೀಸ ಸಿಕ್ಕಿದೆ. ಆ ಹನ್ನೆರಡು ದಿನಗಳ ಪಾಪ ನನ್ನದು. ಅದಕ್ಕೆ ಮುಂಚಿನ, ಮಗು ಹುಟ್ಟಿದಾಗಿನಿಂದಿನ ಆರು ವರ್ಷಗಳದ್ದು ನಿಮ್ಮದು.

ನಾಳೆ ಹನ್ನೊಂದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳು ಬರುತ್ತಾರೆ. ಕಾರ್ಖಾನೆಯ ಹಿಂದಿನ ಗೇಟಿನ ಬೀಗ ತೆಗೆದಿಡಿ, ಇಲ್ಲದಿದ್ದರೆ ಒಡೆಯುತ್ತಾರೆ. ಮಗುವಿನ ಶಾಲೆಯ ಪುಸ್ತಕಗಳನ್ನು ಯಾರ ಕೈಯಲ್ಲಾದರೂ ಕಳಿಸಿ. ದೂರಿನ ಪ್ರತಿ ಇದರ ಜೊತೆಗಿದೆ. ಮೊದಲ ಸಹಿ ಅಕ್ಕನದು. ತನ್ನ ಹೆಸರಿನ ಜೊತೆಗಿದ್ದ ನಿಮ್ಮ ಹೆಸರನ್ನು ಬಿಟ್ಟು ಸಹಿ ಹಾಕಿದ್ದಾಳೆ.

ಇತಿ,
ಕೈಗುಣ ಸರಿಯಿಲ್ಲದ ನಾದಿನಿ