ನಾಲ್ಕನೇ ಸಲದ ಭಿನ್ನರಾಶಿ

ಅತ್ತಿಗೆ, ನಮಸ್ಕಾರ. ಶಿಕ್ಷಕಿ ತರಬೇತಿಯ ಪಾಠಗಳಿಗೆಂದು ಈ ಊರಿಗೆ ಬಂದು ಹತ್ತು ದಿನವಾದರೂ ಶಾಲೆಯ ದಾರಿ ಇನ್ನೂ ತಪ್ಪುತ್ತದೆ.

ಇಂದು ಏಳನೇ ತರಗತಿಗೆ ಭಿನ್ನರಾಶಿಯ ಪಾಠ. ಅಂಕ ಹಾಕಲು ನಮ್ಮ ತರಬೇತಿಯ ಮೇಡಂ ಕೊನೆಯ ಬೆಂಚಿನಲ್ಲಿ ಕೂತಿದ್ದರು. ಬೋರ್ಡಿನ ಮುಂದೆ ನಿಂತವಳೇ ಎಲ್ಲ ಮರೆತೆ. ಮುಂದಿನ ಬೆಂಚಿನ ಹುಡುಗಿ ಪಿಸುಗುಟ್ಟಿದಳು: "ಟೀಚರ್, ಈಗ ಚಾರ್ಟ್ ತೋರಿಸ್ಬೇಕು. ಹೆದರ್ಕೋಬೇಡಿ, ನಮಗೆ ಈ ಪಾಠ ನಾಲ್ಕನೇ ಸಲ." ತರಬೇತಿಗೆ ಬರುವವರೆಲ್ಲ ಸುಲಭವೆಂದು ಇದನ್ನೇ ಹಿಡಿಯುತ್ತಾರಂತೆ. ನಾನು ಪ್ರಶ್ನೆ ಕೇಳುವ ಮೊದಲೇ ಕೈಗಳು ಎದ್ದವು. ಒಬ್ಬಳಂತೂ ಬೇಕೆಂದೇ ತಪ್ಪು ಉತ್ತರ ಹೇಳಿ, ತಿದ್ದುವ ಅವಕಾಶವನ್ನೂ ನನಗೆ ಮಾಡಿಕೊಟ್ಟಳು. ಮೇಡಂ ನೂರಕ್ಕೆ ತೊಂಬತ್ತೆರಡು ಹಾಕಿ, "ಮಕ್ಕಳ ಮೇಲೆ ಒಳ್ಳೇ ಹಿಡಿತ ಇದೆ ನಿಮಗೆ" ಎಂದರು. ನಾನು ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದು ಬಂದೆ.

ಗಂಟಲು ಕಟ್ಟಿದೆ, ಜ್ವರವೇನಿಲ್ಲ. ಅಣ್ಣನಿಗೆ ಅಂಕದ ವಿಷಯ ಮಾತ್ರ ಹೇಳಿ. ಅಂಚೆಯವರು ಈ ಕಾರ್ಡನ್ನು ಓದಿಬಿಟ್ಟಿದ್ದರೆ ಬಾಯಿ ಬಿಡಬೇಡಿರೆಂದು ಅವರಿಗೂ ಹೇಳಿ.

ಜಾಗ ಮುಗಿಯಿತು. ನಾಳೆ ಅದೇ ತರಗತಿಯಲ್ಲಿ ಪಾಠ ಮಾಡಿ ತೋರಿಸುವ ಕೊನೆಯ ಪರೀಕ್ಷೆ. ಅದರಲ್ಲಿ ಸೋತರೆ ತರಬೇತಿಯ ಸರ್ಟಿಫಿಕೇಟ್ ಇಲ್ಲ. ಪಾಠ ದಶಮಾಂಶ. ಅದನ್ನು ಆ ಮಕ್ಕಳಿಗೆ ಇನ್ನೂ ಯಾರೂ ಮಾಡಿಲ್ಲವಂತೆ.

ನಿಮ್ಮ ನಾದಿನಿ